ಹದಿನೇಳರ ಹುಡುಗ, ದೊಡ್ಡವರ ಕಟಕಟೆ

“ಮಚ್ಚು ಹಿಡಿಯಕ್ಕೆ ಬತ್ತದೆ, ಜೈಲಿಗೋಗಕ್ಕೆ ಬರಾಕಿಲ್ವಾ?” ಹದಿನಾರು ಹದಿನೇಳರ ಹುಡುಗ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದ ಸುದ್ದಿ ಪೇಪರಿನಲ್ಲಿ ಬಂದರೆ ಮಂಡ್ಯದ ಟೀ ಅಂಗಡಿಗಳಲ್ಲಿ ಅವತ್ತು ಕೇಳಿಬರುವ ಮಾತು ಹೆಚ್ಚುಕಮ್ಮಿ ಇದೇ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: “ಏನ್ ಮಾಡುದ್ರೂ ಮೂರೊರ್ಸ ಇಟ್ಕಂಡು ಬುಟ್ಬುಡ್ತರೆ ಕಣಣ್ಣ.” ಮೊದಲನೆಯದು ನ್ಯಾಯವಾದ ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕು. ಎರಡನೆಯದು ಹಳೆಯ ಕಾನೂನಿನ ನೆನಪು. 2016ರ ಜನವರಿ 15ರಿಂದ ಈಚೆಗೆ, ಹದಿನಾರು ತುಂಬಿದ ಹುಡುಗನಾಗಲಿ ಹುಡುಗಿಯಾಗಲಿ ಘೋರ ಅಪರಾಧದ ಆರೋಪ ಹೊತ್ತರೆ ದೊಡ್ಡವರಂತೆಯೇ ವಿಚಾರಣೆ ನಡೆಸಲು ದಾರಿಯಿದೆ. ಹತ್ತು ವರ್ಷದ ಶಿಕ್ಷೆ ಆಗಬಹುದು, ಜೀವಾವಧಿಯೂ ಆಗಬಹುದು. ಆ ದಾರಿ ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬುದು ವಕೀಲರಲ್ಲೂ ಎಷ್ಟೋ ಜನಕ್ಕೆ ಸ್ಪಷ್ಟವಿಲ್ಲ. ಮಕ್ಕಳ ಕೇಸು ಅವರ ಕೈಗೆ ಬರುವುದೇ ಅಪರೂಪ.

ಈ ಕಾನೂನು ಬಂದ ಬಗೆಯನ್ನು ಮೊದಲು ನೋಡಿಬಿಡೋಣ. 1986ರ ಬಾಲ ನ್ಯಾಯ ಕಾಯ್ದೆಯಲ್ಲಿ ಗೆರೆ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ಎಂದಿತ್ತು. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ ಮಾಡಿದ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಅದರ ಪ್ರಕಾರ ಹದಿನೆಂಟರೊಳಗಿನವರೆಲ್ಲ ಮಕ್ಕಳು. ಹಾಗಾಗಿ 2000ದ ಕಾಯ್ದೆ ಇಬ್ಬರಿಗೂ ಹದಿನೆಂಟನ್ನೇ ಗೆರೆ ಮಾಡಿತು. ಏನೇ ಅಪರಾಧವಿರಲಿ, ಹದಿನೆಂಟಾಗದಿದ್ದರೆ ಬಾಲ ನ್ಯಾಯ ಮಂಡಳಿಯ ಮುಂದೆಯೇ ವಿಚಾರಣೆ, ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ಟೀ ಅಂಗಡಿಯ ಮಾತು ಈ ಕಾಲದ್ದು.

2012ರ ಡಿಸೆಂಬರ್ 16ರ ದೆಹಲಿ ಬಸ್ಸಿನ ಪ್ರಕರಣ ಅದನ್ನು ಅಲುಗಾಡಿಸಿತು. ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟಾಗಲು ಕೆಲವು ತಿಂಗಳು ಬಾಕಿಯಿತ್ತು. ವಯಸ್ಸಿನ ಗೆರೆ ಇಳಿಸಿ ಎಂಬ ಕೂಗು ದೇಶದ ತುಂಬ ಎದ್ದಿತು. ಇಳಿಸಬೇಡಿ ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿಯಲ್ಲಿ ಹೇಳಿತು. ಸುಪ್ರೀಂ ಕೋರ್ಟ್ 2013ರಲ್ಲೂ 2014ರಲ್ಲೂ ಹದಿನೆಂಟರ ಗೆರೆಯನ್ನೇ ಎತ್ತಿಹಿಡಿಯಿತು. ಹೊಸ ಮಸೂದೆಯನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯೂ ಬೇಡ ಎಂದಿತು. ಆದರೂ ಲೋಕಸಭೆ 2015ರ ಮೇನಲ್ಲಿ ಒಪ್ಪಿತು, ಮಸೂದೆ ರಾಜ್ಯಸಭೆಯಲ್ಲಿ ನಿಂತಿತು. ಆ ವರ್ಷ ಡಿಸೆಂಬರ್ 20ರಂದು ದೆಹಲಿಯ ಆ ಹುಡುಗ ಮೂರು ವರ್ಷ ಮುಗಿಸಿ ಹೊರಬಂದ. ಡಿಸೆಂಬರ್ 22ಕ್ಕೆ ರಾಜ್ಯಸಭೆಯೂ ಅಂಗೀಕರಿಸಿತು. ಎರಡೇ ದಿನ. ಸಿಟ್ಟಿನಲ್ಲಿ ಮಾಡಿದ ಕಾನೂನೆಲ್ಲ ಕೆಟ್ಟದ್ದೇ ಆಗಬೇಕೆಂದಿಲ್ಲ. ಆದರೆ ಇದರ ಹೊಲಿಗೆಯಲ್ಲಿ ಆ ಅವಸರ ಕಾಣುತ್ತದೆ. ಯಾವ ಹುಡುಗನಿಗಾಗಿ ಇದನ್ನು ತಂದರೋ ಅವನಿಗೆ ಇದು ಅನ್ವಯಿಸುವಂತೆಯೂ ಇರಲಿಲ್ಲ. ಅಪರಾಧ ನಡೆದ ಮೇಲೆ ಬಂದ ಕಾನೂನಿನಿಂದ ಹೆಚ್ಚಿನ ಶಿಕ್ಷೆ ಕೊಡಲು ಸಂವಿಧಾನದ 20ನೇ ವಿಧಿ ಬಿಡುವುದಿಲ್ಲ.

ಮೂರು ದಿನದಲ್ಲಿ ಬದಲಾಗುವ ಕೇಸು

ಒಂದು ಕಲ್ಪಿತ ಪ್ರಸಂಗ ಇಟ್ಟುಕೊಳ್ಳೋಣ. ಮದ್ದೂರು ಕಡೆಯ ಒಂದು ಹಳ್ಳಿ. ಹುಡುಗನಿಗೆ ಹದಿನೇಳು ತುಂಬಿ ಎರಡು ತಿಂಗಳಾಗಿದೆ. ಫಸ್ಟ್ ಪಿಯುಸಿ ಫೇಲಾಗಿ ಆಲೆಮನೆ ಕೆಲಸಕ್ಕೆ ಹೋಗುತ್ತಾನೆ. ಊರಹಬ್ಬದ ರಾತ್ರಿ ತಮಟೆ ಮುಂದೆ ಕುಣಿಯುವಾಗ ಕಾಲು ತುಳಿದದ್ದಕ್ಕೆ ಜಗಳ. ಮಾತಿಗೆ ಮಾತು ಬೆಳೆಯುತ್ತದೆ. ಜೊತೆಗಿದ್ದವರು “ಬುಡಬ್ಯಾಡ ಕಣ್ಲಾ” ಅನ್ನುತ್ತಾರೆ. ಇವನು ಮನೆಗೋಡಿ, ಕಬ್ಬು ಕಡಿಯುವ ಮಚ್ಚು ತಂದು ಬೀಸುತ್ತಾನೆ. ಇಪ್ಪತ್ತೆರಡರ ಯುವಕನ ತಲೆಗೆ ಏಟು ಬಿದ್ದು, ಆಂಬುಲೆನ್ಸಿನಲ್ಲಿ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಸಾಗಿಸುತ್ತಾರೆ.

ಗಾಯಾಳು ಬದುಕಿರುವವರೆಗೂ ಇದು ಕೊಲೆಯತ್ನದ ಕೇಸು. ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಮು. ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದು, ಆದರೆ ‘ಇಷ್ಟಕ್ಕಿಂತ ಕಡಿಮೆ ಕೊಡಕೂಡದು’ ಎಂಬ ಕನಿಷ್ಠ ಶಿಕ್ಷೆ ಇಲ್ಲ. ಬಾಲ ನ್ಯಾಯ ಕಾಯ್ದೆ ಅಪರಾಧಗಳನ್ನು ಮೂರು ಬಗೆ ಮಾಡುತ್ತದೆ. ಗರಿಷ್ಠ ಶಿಕ್ಷೆ ಮೂರು ವರ್ಷ ಮೀರದಿದ್ದರೆ ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋರ ಅಪರಾಧ. ನಡುವಿನದೆಲ್ಲ ಗಂಭೀರ ಅಪರಾಧ. ದೊಡ್ಡವರಂತೆ ವಿಚಾರಣೆಗೆ ಕಳಿಸಲು ಸಾಧ್ಯವಿರುವುದು ಘೋರ ಅಪರಾಧದಲ್ಲಿ ಮಾತ್ರ, ಅದೂ ಹದಿನಾರು ತುಂಬಿದವರನ್ನು ಮಾತ್ರ. ಕೊಲೆಯತ್ನ ಗಂಭೀರದ ಸಾಲಿಗೆ ಬರುತ್ತದೆ. ಹಾಗಾದರೆ ನಮ್ಮ ಹುಡುಗನ ವಿಚಾರಣೆ ಮಂಡಳಿಯಲ್ಲೇ ಮುಗಿಯಬೇಕು.

ಮೂರನೇ ದಿನ ಗಾಯಾಳು ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ಕೇಸು 103ನೇ ಕಲಮಿಗೆ ಬದಲಾಗುತ್ತದೆ, ಅಂದರೆ ಕೊಲೆ. ಕೊಲೆಗೆ ಕನಿಷ್ಠ ಶಿಕ್ಷೆಯೇ ಜೀವಾವಧಿ, ಆದ್ದರಿಂದ ಅದು ಘೋರ ಅಪರಾಧ. ಬಾಗಿಲು ತೆರೆಯಿತು. ಹುಡುಗನ ಬುದ್ಧಿ, ಅವನ ಸಿಟ್ಟು, ಅವನ ತಿಳಿವಳಿಕೆ, ಯಾವುದೂ ಈ ಮೂರು ದಿನದಲ್ಲಿ ಬದಲಾಗಿಲ್ಲ. ಬದಲಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿದ್ದವನ ಸ್ಥಿತಿ. ಇದೇ ಸಾವನ್ನು ಪೊಲೀಸರು ‘ಕೊಲೆಯಲ್ಲದ ನರಹತ್ಯೆ’ ಎಂದು 105ನೇ ಕಲಮಿನಲ್ಲಿ ದಾಖಲಿಸಿದರೆ? ಅಲ್ಲಿ ಕನಿಷ್ಠ ಏಳು ವರ್ಷದ ಮಾತಿಲ್ಲ, ಮತ್ತೆ ಗಂಭೀರ. ಅಂದರೆ ಹುಡುಗ ಮಗುವೋ ದೊಡ್ಡವನೋ ಎಂಬ ಪ್ರಶ್ನೆ ಏಳಬೇಕೋ ಬೇಡವೋ ಎಂಬುದೇ ಠಾಣೆಯಲ್ಲಿ ಯಾವ ಕಲಮು ಹಾಕಿದರು ಎಂಬುದರ ಮೇಲೆ ನಿಂತಿದೆ.

2015ರ ಕಾಯ್ದೆಯಲ್ಲಿ ಇಲ್ಲೊಂದು ಖಾಲಿ ಜಾಗವೂ ಉಳಿದಿತ್ತು. ಗರಿಷ್ಠ ಶಿಕ್ಷೆ ಏಳು ವರ್ಷ ಮೀರಿ, ಕನಿಷ್ಠವೇ ಇಲ್ಲದ ಅಪರಾಧಗಳು ಮೂರು ಬಗೆಯಲ್ಲಿ ಯಾವುದಕ್ಕೂ ಸೇರುತ್ತಿರಲಿಲ್ಲ. ದೆಹಲಿಯಲ್ಲಿ ಅಪ್ರಾಪ್ತನೊಬ್ಬ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣನಾದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದಾಗ ಇದು ಬೆಳಕಿಗೆ ಬಂತು. ಇಂಥವನ್ನು ಗಂಭೀರ ಎಂದೇ ನೋಡಿ ಎಂದು ಕೋರ್ಟ್ 2020ರ ಜನವರಿಯಲ್ಲಿ ಹೇಳಿತು, ಸಂಸತ್ತು 2021ರ ತಿದ್ದುಪಡಿಯಲ್ಲಿ ಅದನ್ನೇ ಬರೆದುಕೊಂಡಿತು. 2024ರ ಮೇನಲ್ಲಿ ಪುಣೆಯಲ್ಲಿ ಪೋರ್ಶೆ ಕಾರಿನಡಿ ಇಬ್ಬರು ಸತ್ತ ಪ್ರಕರಣ ನೆನಪಿರಬಹುದು. ಮುನ್ನೂರು ಪದದ ಪ್ರಬಂಧ ಬರೆಯಬೇಕೆಂಬ ಷರತ್ತಿನ ಮೇಲೆ ಜಾಮೀನು ಕೊಟ್ಟರು ಎಂದು ದೇಶವೇ ರೇಗಿತ್ತು. ಆ ಹುಡುಗನನ್ನು ದೊಡ್ಡವನಂತೆ ವಿಚಾರಣೆ ಮಾಡಿ ಎಂದು ಪೊಲೀಸರು ಕೇಳಿದ್ದನ್ನು ಅಲ್ಲಿನ ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು.

ಮೈಸೂರಿನ ಬಡಾವಣೆಗಳಲ್ಲಿ ಹೆಂಗಸರನ್ನು ಹೆಚ್ಚು ಹೆದರಿಸುವುದು ಸರಗಳ್ಳತನ. ಬೆಳಿಗ್ಗೆ ವಾಕಿಂಗ್ ಹೋದವರ ಕುತ್ತಿಗೆಗೆ ಕೈಹಾಕುವ ಬೈಕಿನ ಹಿಂದಿನ ಸೀಟಿನಲ್ಲಿ ಕೆಲವೊಮ್ಮೆ ಹದಿನೇಳರ ಹುಡುಗನೂ ಇರುತ್ತಾನೆ. ಹೊಸ ಸಂಹಿತೆಯಲ್ಲಿ ಕಸಿದುಕೊಳ್ಳುವುದಕ್ಕೆಂದೇ 304ನೇ ಕಲಮು ಬಂದಿದೆ. ಶಿಕ್ಷೆ ಗರಿಷ್ಠ ಮೂರು ವರ್ಷ. ಅಲ್ಲಿಗೆ ಬಾಲ ನ್ಯಾಯದ ಲೆಕ್ಕದಲ್ಲಿ ಅದು ಸಣ್ಣ ಅಪರಾಧ! ಮಾಂಗಲ್ಯ ಕಳಕೊಂಡವರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ. ಇತ್ತ ಇಪ್ಪತ್ತು ಕೆಜಿ ಮೀರಿದ ಗಾಂಜಾ ಇರುವ ಬ್ಯಾಗು ಹೊತ್ತು ಬಸ್ಸಿನಲ್ಲಿ ಕೂತ ಹುಡುಗ ಸಿಕ್ಕಿಬಿದ್ದರೆ ಅದು ಘೋರ ಅಪರಾಧ, ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಬ್ಯಾಗು ಯಾರದೋ, ಕೊಟ್ಟವರು ಯಾರೋ. ಮಕ್ಕಳನ್ನು ಇಂಥ ಕೆಲಸಕ್ಕೆ ಬಳಸುವ ದೊಡ್ಡವರಿಗೆ ಬಾಲ ನ್ಯಾಯ ಕಾಯ್ದೆಯ 83ನೇ ಕಲಮು ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ದಂಡ ಇಟ್ಟಿದೆ. ಪೇಪರಿನಲ್ಲಿ ಅದರ ಹೆಸರು ಕಾಣುವುದು ಕಡಿಮೆ.

ನಾಲ್ಕು ಪ್ರಶ್ನೆಗಳು

ಮದ್ದೂರಿನ ಹುಡುಗನ ಬಳಿ ವಾಪಸು ಹೋಗೋಣ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಮೂವರು: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅಲ್ಲಿ ಕಟಕಟೆ ಇರಕೂಡದು, ಪೊಲೀಸರು ಯೂನಿಫಾರ್ಮಿನಲ್ಲಿ ಬರಕೂಡದು. ಹುಡುಗ ಹಾಜರಾದ ದಿನದಿಂದ ಮೂರು ತಿಂಗಳೊಳಗೆ ಮಂಡಳಿ 15ನೇ ಕಲಮಿನಡಿ ‘ಪ್ರಾಥಮಿಕ ಮೌಲ್ಯಮಾಪನ’ ಮುಗಿಸಬೇಕು. ನೋಡಬೇಕಾದ್ದು ನಾಲ್ಕು ವಿಷಯ. ಇಂಥ ಅಪರಾಧ ಮಾಡುವ ಮಾನಸಿಕ ಸಾಮರ್ಥ್ಯ ಅವನಿಗಿತ್ತೇ? ದೈಹಿಕ ಸಾಮರ್ಥ್ಯ ಇತ್ತೇ? ಪರಿಣಾಮ ಏನಾಗುತ್ತದೆಂದು ತಿಳಿಯುವ ಶಕ್ತಿ ಇತ್ತೇ? ಯಾವ ಸನ್ನಿವೇಶದಲ್ಲಿ ಇದು ನಡೆಯಿತು?

ನನ್ನ ಮಟ್ಟಿಗೆ ಇಡೀ ಕಾಯ್ದೆಯ ದುರ್ಬಲ ಜಾಗ ಇದೇ. ಮೊದಲ ತೊಡಕು, ಈ ಹಂತದಲ್ಲಿ ಹುಡುಗನೇ ಮಾಡಿದನೆಂದು ಸಾಬೀತಾಗಿಲ್ಲ. ಇದು ವಿಚಾರಣೆಯಲ್ಲ, ಸಾಮರ್ಥ್ಯ ಅಳೆಯುವುದಷ್ಟೇ ಎಂದು ಕಲಮೇ ಹೇಳುತ್ತದೆ. ಹದಿನೆಂಟರೊಳಗಿನವರಿಗೆ ದುರುದ್ದೇಶವಾಗಲಿ ಅಪರಾಧದ ಉದ್ದೇಶವಾಗಲಿ ಇಲ್ಲವೆಂದೇ ಭಾವಿಸಬೇಕು ಎಂದು ಇದೇ ಕಾಯ್ದೆಯ 3ನೇ ಕಲಮು ಹೇಳುತ್ತದೆ. ಆದರೆ “ಯಾವ ಸನ್ನಿವೇಶದಲ್ಲಿ ಮಾಡಿದೆ?” ಎಂಬ ಪ್ರಶ್ನೆಗೆ ‘ಮಾಡಿದೆ’ ಎಂದು ಒಪ್ಪಿಕೊಳ್ಳದೆ ಉತ್ತರ ಕೊಡುವುದು ಹೇಗೆ? ಆಪ್ತಸಮಾಲೋಚಕರ ಎದುರು ಕೂತ ಹುಡುಗ “ನಾನವನಲ್ಲ” ಎಂದರೆ ಮೌಲ್ಯಮಾಪನ ಮುಂದೆ ಸಾಗುವುದಿಲ್ಲ. ಅಳುತ್ತ ಎಲ್ಲ ಹೇಳಿಕೊಂಡರೆ, ಹೇಳಿದ್ದು ತಪ್ಪೊಪ್ಪಿಗೆಯಾಗಿ ಅವನ ಮೇಲೇ ಬೀಳುವ ಭಯ.

ಎರಡನೆಯದು, ದೈಹಿಕ ಸಾಮರ್ಥ್ಯ. ಆಲೆಮನೆಯಲ್ಲಿ ಕಬ್ಬಿನ ಹೊರೆ ಎತ್ತುವ ಹುಡುಗನಿಗೆ ಮಚ್ಚು ಬೀಸಲು ಬಲವಿತ್ತೇ ಎಂದು ಕೇಳಿದರೆ ಇದೆಯೆಂದೇ ಉತ್ತರ. ಓದು ಬಿಟ್ಟು ದುಡಿಮೆಗಿಳಿದವನ ಮೈ ಅವನ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಕಾನ್ವೆಂಟಿನಲ್ಲಿ ಓದುತ್ತಿರುವ ಸಣಕಲು ಹುಡುಗ ಅದೇ ವಯಸ್ಸಿನವನಾದರೂ ಮಗುವಾಗಿ ಕಾಣುತ್ತಾನೆ.

ಮೂರನೆಯದು ಹೆಚ್ಚು ಮುಖ್ಯ. ಮಚ್ಚಿನಿಂದ ತಲೆಗೆ ಹೊಡೆದರೆ ಆಳು ಸಾಯುತ್ತಾನೆ ಎಂಬುದು ಹದಿನೇಳಕ್ಕಲ್ಲ, ಹತ್ತು ವರ್ಷಕ್ಕೇ ಗೊತ್ತಿರುತ್ತದೆ. ಹರೆಯದ ಮನಸ್ಸನ್ನು ಅಧ್ಯಯನ ಮಾಡಿದವರು ಹೇಳುವುದೂ ಇದನ್ನೇ: ಹದಿನಾರರ ಹೊತ್ತಿಗೆ ತಣ್ಣಗೆ ಕೂತು ಯೋಚಿಸುವ ಶಕ್ತಿ ಹೆಚ್ಚುಕಮ್ಮಿ ದೊಡ್ಡವರಷ್ಟೇ ಬಂದಿರುತ್ತದೆ. ಬಾರದಿರುವುದು ಸಿಟ್ಟು ಏರಿದಾಗ, ಗೆಳೆಯರು ನೋಡುತ್ತಿರುವಾಗ ಕೈ ತಡೆದುಕೊಳ್ಳುವ ಶಕ್ತಿ. ಮೆದುಳಿನಲ್ಲಿ ಆ ಕೆಲಸ ಮಾಡುವ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 2005ರಲ್ಲಿ ಸಹೋದ್ಯೋಗಿಯ ಜೊತೆ ಸೇರಿ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದರು. ಜೊತೆಗೆ ಗೆಳೆಯರು ನಿಂತಾಗ ಹರೆಯದವರು ಒಂಟಿಯಾಗಿ ಆಡುವಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ಇಪ್ಪತ್ನಾಲ್ಕು ದಾಟಿದವರಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. “ಬುಡಬ್ಯಾಡ ಕಣ್ಲಾ” ಎಂಬ ಮಾತಿಗಿರುವ ಬಲವನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. ಕಾನೂನು ಕೇಳುವುದು ‘ಗೊತ್ತಿತ್ತೇ’ ಎಂದು. ಕೇಳಬೇಕಾದ್ದು ‘ತಡೆದುಕೊಳ್ಳಲು ಆಗುತ್ತಿತ್ತೇ’ ಎಂದು. ಅದೂ ತಿಂಗಳುಗಟ್ಟಲೆ ಕಳೆದ ಮೇಲೆ, ಶಾಂತವಾದ ಕೋಣೆಯಲ್ಲಿ ಕೂರಿಸಿಕೊಂಡು ತಮಟೆ ಸದ್ದಿನ ಆ ರಾತ್ರಿಯ ಮನಸ್ಸನ್ನು ಅಳೆಯಬೇಕು. ಇದಕ್ಕೆ ಯಾವ ಪರೀಕ್ಷೆಯಿದೆ?

2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಆರೋಪಿ ಹದಿನಾರರ ವಿದ್ಯಾರ್ಥಿ. ಅವನ ಮೌಲ್ಯಮಾಪನದ ತಕರಾರು ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜುಲೈ 13ರ ತೀರ್ಪಿನಲ್ಲಿ ಕೋರ್ಟ್ ಇದನ್ನು ನಾಜೂಕಿನ ಕೆಲಸ ಎಂದು ಕರೆಯಿತು. ಪರಿಣಾಮ ಎಂದರೆ ಆ ಕ್ಷಣದ್ದಷ್ಟೇ ಅಲ್ಲ, ಸತ್ತವರ ಮನೆಯವರಿಗೆ, ತನ್ನ ಮನೆಯವರಿಗೆ, ತನ್ನ ಮುಂದಿನ ಬದುಕಿಗೆ ಏನಾಗುತ್ತದೆಂದು ತಿಳಿಯುವ ಶಕ್ತಿಯೂ ಅದರಲ್ಲಿ ಸೇರುತ್ತದೆ ಎಂದಿತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದೂ ಹೇಳಿತು. ಕಾಯ್ದೆಯಲ್ಲಿ ಅದು ಬೇಕಿದ್ದರೆ ಪಡೆಯಬಹುದು ಎಂಬಂತಿತ್ತು. ಕರ್ನಾಟಕದವರಿಗೆ ಈ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಕ್ಕಳ ಮನೋವೈದ್ಯ ವಿಭಾಗದವರು ಈ ಮೌಲ್ಯಮಾಪನ ಹೇಗೆ ಮಾಡಬೇಕೆಂದು ಕೆಲಸ ಮಾಡಿದ್ದಾರೆ. ಆದರೆ ಜಿಲ್ಲೆಯ ಮಟ್ಟದಲ್ಲಿ ಹೊರರೋಗಿಗಳ ಸಾಲಿನ ನಡುವೆ ಸಿಕ್ಕ ಸಮಯದಲ್ಲಿ ಹುಡುಗನೊಂದಿಗೆ ಮಾತಾಡಿ, ಬುದ್ಧಿಮಟ್ಟದ ಪರೀಕ್ಷೆ ಮಾಡಿ, ‘ಮಾನಸಿಕವಾಗಿ ಸಮರ್ಥ’ ಎಂದು ಒಂದು ಸಾಲು ಬರೆದುಕೊಟ್ಟರೆ ಮಂಡಳಿಯ ಕೈಗೆ ಸಿಗುವುದು ಅದೊಂದೇ ಸಾಲು.

ಮಂಡಳಿಯವರೇ ಒಮ್ಮತಕ್ಕೆ ಬರದಿರುವುದೂ ಉಂಟು. ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ದೊಡ್ಡವನಂತೆ ವಿಚಾರಣೆಯಾಗಲಿ ಎಂದರು, ಸಮಾಜ ಕಾರ್ಯಕರ್ತ ಸದಸ್ಯರೊಬ್ಬರು ಒಪ್ಪಲಿಲ್ಲ. ಬಹುಮತ ಬಾರದಿದ್ದರೆ ಮ್ಯಾಜಿಸ್ಟ್ರೇಟರ ಮಾತೇ ನಡೆಯುತ್ತದೆ ಎಂದು ಕಾಯ್ದೆಯಲ್ಲಿದೆ. 2024ರ ಮೇ 7ರ ಆ ತೀರ್ಪಿನಲ್ಲೇ ಕೋರ್ಟ್ ಇನ್ನೊಂದನ್ನೂ ಹೇಳಿತು: ಮೂರು ತಿಂಗಳ ಗಡುವು ಕಡ್ಡಾಯವಲ್ಲ, ಮಾರ್ಗದರ್ಶಿಯಷ್ಟೇ. ತಜ್ಞರ ವರದಿ ತಡವಾಗುತ್ತದೆ ಎಂಬುದು ನಿಜ. ಆದರೆ ಗಡುವು ಸಡಿಲವಾದಷ್ಟೂ ಹುಡುಗ ಬೆಳೆಯುತ್ತ ಹೋಗುತ್ತಾನೆ, ಅಳೆಯಬೇಕಾದ ಮನಸ್ಸು ಇನ್ನಷ್ಟು ದೂರವಾಗುತ್ತದೆ.

ಮಂಡಳಿ ಕಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಕೇಸು ಹೋಗುವುದು ಮಕ್ಕಳ ನ್ಯಾಯಾಲಯಕ್ಕೆ. ಸೆಷನ್ಸ್ ಮಟ್ಟದ ಆ ನ್ಯಾಯಾಲಯವೂ ದೊಡ್ಡವರಂತೆ ವಿಚಾರಣೆ ಬೇಕೇ ಎಂದು ತಾನೇ ಸ್ವತಂತ್ರವಾಗಿ ತೀರ್ಮಾನಿಸಬೇಕು. ಇದು ಬರೀ ಶಾಸ್ತ್ರಕ್ಕಲ್ಲ, ಮಾಡಲೇಬೇಕಾದ ಕೆಲಸ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಬೇಡ ಎನಿಸಿದರೆ ಆ ನ್ಯಾಯಾಲಯವೇ ಮಂಡಳಿಯಂತೆ ಕೂತು ವಿಚಾರಣೆ ನಡೆಸುತ್ತದೆ.

ಶಿಕ್ಷೆಯಾದರೆ ಹುಡುಗ ನೇರ ಮೈಸೂರು ಕೇಂದ್ರ ಕಾರಾಗೃಹಕ್ಕೆ ಹೋಗುತ್ತಾನೆಯೇ? ಇಲ್ಲ. ಇಪ್ಪತ್ತೊಂದು ತುಂಬುವವರೆಗೆ ‘ಸುರಕ್ಷಿತ ಸ್ಥಳ’ ಎಂದು ಗುರುತಿಸಿದ ಕಡೆ ಇರಬೇಕು. ಅಲ್ಲಿ ಓದು, ಕಸುಬು, ಆಪ್ತಸಮಾಲೋಚನೆ ಕೊಡಬೇಕು, ವರ್ಷಕ್ಕೊಮ್ಮೆ ವರದಿ ನ್ಯಾಯಾಲಯಕ್ಕೆ ಬರಬೇಕು. ಇಪ್ಪತ್ತೊಂದಾದಾಗ ಮತ್ತೊಮ್ಮೆ ಪರಿಶೀಲನೆ: ಸುಧಾರಿಸಿದ್ದಾನೆ ಎಂದರೆ ಷರತ್ತಿನ ಮೇಲೆ ಬಿಡಬಹುದು, ಇಲ್ಲವೆಂದರೆ ಉಳಿದ ಶಿಕ್ಷೆಗೆ ಜೈಲು. ಮರಣದಂಡನೆಯಾಗಲಿ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯಾಗಲಿ ಕೊಡುವಂತಿಲ್ಲ. ಇನ್ನೊಂದು ಏಟು ಕಣ್ಣಿಗೆ ಕಾಣದ್ದು. ಮಂಡಳಿಯಲ್ಲಿ ಕೇಸು ಮುಗಿದವರಿಗೆ ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಆ ಕೇಸು ಅಡ್ಡಬರಕೂಡದು, ದಾಖಲೆ ನಾಶ ಮಾಡಬೇಕು ಎಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. ದೊಡ್ಡವರಂತೆ ವಿಚಾರಣೆಯಾಗಿ ಶಿಕ್ಷೆಯಾದವರಿಗೆ ಆ ರಕ್ಷಣೆಯಿಲ್ಲ. ದಾಖಲೆ ಉಳಿಯುತ್ತದೆ.

ಪ್ರೀತಿ ಮಾಡಿ ಓಡಿಹೋದವರೂ ಇದರಲ್ಲೇ

‘ಘೋರ ಅಪರಾಧ’ ಎಂದಾಗ ನಮ್ಮ ಕಣ್ಣಿಗೆ ಬರುವುದು ಕೊಲೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು ತಂದ ಪೋಕ್ಸೋ ಕಾಯ್ದೆಯೂ ಅದೇ ಬುಟ್ಟಿಗೆ ಬೀಳುತ್ತದೆ ಎಂದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಹದಿನೇಳರ ಹುಡುಗ, ಹದಿನಾರೂವರೆಯ ಹುಡುಗಿ, ಇಬ್ಬರೂ ಒಂದೇ ಕಾಲೇಜು. ಮನೆಯಲ್ಲಿ ಗೊತ್ತಾಗಿ, ಜಾತಿ ಬೇರೆಯಾಗಿ, ಇಬ್ಬರೂ ಬೆಂಗಳೂರಿಗೆ ಹೋಗಿ ನೆಂಟರ ರೂಮಿನಲ್ಲಿ ಹದಿನೈದು ದಿನ ಇದ್ದು ಸಿಕ್ಕಿಬೀಳುತ್ತಾರೆ. ಹುಡುಗಿಯ ತಂದೆ ದೂರು ಕೊಡುತ್ತಾರೆ. 2012ರ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ. 2019ರ ತಿದ್ದುಪಡಿಯ ಮೇಲೆ ಕನಿಷ್ಠ ಶಿಕ್ಷೆ ಹತ್ತು ವರ್ಷ, ಹುಡುಗಿಗೆ ಹದಿನಾರು ತುಂಬಿರದಿದ್ದರೆ ಇಪ್ಪತ್ತು. ಏಳು ವರ್ಷದ ಗೆರೆ ದಾಟಿಯಾಯಿತು. ಅಲ್ಲಿಗೆ ಮಚ್ಚು ಬೀಸಿದವನೂ ಇವನೂ ಒಂದೇ ಪ್ರಾಥಮಿಕ ಮೌಲ್ಯಮಾಪನಕ್ಕೆ. ಇಲ್ಲಿ ‘ಪರಿಣಾಮ ತಿಳಿದಿತ್ತೇ’ ಎಂಬ ಪ್ರಶ್ನೆಗೆ ಅರ್ಥವಾದರೂ ಏನು?

ಈ ಬಗೆಯ ಕೇಸುಗಳನ್ನು ಕಂಡೇ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಒಪ್ಪಿಗೆಯ ವಯಸ್ಸನ್ನು ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರಲ್ಲಿ ಕೊಟ್ಟ 283ನೇ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರವರ ವಿಷಯದಲ್ಲಿ ಒಪ್ಪಿಗೆ ಕಂಡುಬಂದರೆ ಶಿಕ್ಷೆಯಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು.

ಬೇರೆ ದೇಶದವರು ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದಿದ್ದಾರೆ. ಮಕ್ಕಳಿಗೆ ಬೇರೆ ನ್ಯಾಯಾಲಯ ಎಂಬ ಕಲ್ಪನೆಯನ್ನು 1899ರಲ್ಲಿ ಶಿಕಾಗೋದಲ್ಲಿ ಕಾರ್ಯರೂಪಕ್ಕೆ ತಂದ ಅಮೆರಿಕವೇ 1990ರ ದಶಕದಲ್ಲಿ ಹೆದರಿ ಹಿಂದೆ ಹೊರಳಿತು. ದಯೆದಾಕ್ಷಿಣ್ಯವಿಲ್ಲದ ಹುಡುಗರ ಹೊಸ ಪೀಳಿಗೆಯೇ ಬರುತ್ತಿದೆ ಎಂದು ಅಲ್ಲಿನ ಕೆಲ ವಿದ್ವಾಂಸರು ಎಚ್ಚರಿಸಿದರು. ಬಹುತೇಕ ರಾಜ್ಯಗಳು ಮಕ್ಕಳನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳಿಸುವುದನ್ನು ಸುಲಭ ಮಾಡಿದವು. ಆ ಪೀಳಿಗೆ ಬರಲೇ ಇಲ್ಲ, ಹುಡುಗರ ಅಪರಾಧ ಇಳಿಯುತ್ತ ಹೋಯಿತು. ಹೀಗೆ ಕಳಿಸಿದ ಹುಡುಗರು ಮುಂದೆ ಹಿಂಸೆಗಿಳಿಯುವುದು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಕಾರ್ಯಪಡೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2007ರಲ್ಲಿ ಹೇಳಿತು. ಇಂಗ್ಲೆಂಡಿನಲ್ಲಿ 1993ರಲ್ಲಿ ಎರಡು ವರ್ಷದ ಮಗುವನ್ನು ಕೊಂದ ಇಬ್ಬರು ಬಾಲಕರನ್ನು, ವಿಚಾರಣೆಯ ಹೊತ್ತಿಗೆ ಅವರಿಗೆ ಹನ್ನೊಂದು ವರ್ಷ, ದೊಡ್ಡವರ ನ್ಯಾಯಾಲಯದಲ್ಲೇ ವಿಚಾರಣೆ ಮಾಡಿದರು. ನಡೆಯುವುದು ಅವರಿಗೆ ಕಾಣಲಿ ಎಂದು ಕಟಕಟೆಯ ನೆಲವನ್ನೇ ಎತ್ತರಿಸಿದ್ದರು. ಅದು ನ್ಯಾಯಯುತ ವಿಚಾರಣೆಯಾಗಿರಲಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಜರ್ಮನಿಯ ಕ್ರಮ. ಅಲ್ಲಿ ಹದಿನಾಲ್ಕರಿಂದ ಹದಿನೆಂಟರೊಳಗಿನವರ ಕೇಸು ಏನೇ ಆಗಲಿ ಮಕ್ಕಳ ನ್ಯಾಯಾಲಯದಲ್ಲೇ. ಆದರೆ ಆ ನ್ಯಾಯಾಲಯಕ್ಕೆ ಹತ್ತು ವರ್ಷದವರೆಗೆ ಶಿಕ್ಷೆ ಕೊಡುವ ಅಧಿಕಾರವಿದೆ. ಹದಿನೆಂಟರಿಂದ ಇಪ್ಪತ್ತರ ಯುವಕನೂ ಮನಸ್ಸಿನಲ್ಲಿ ಇನ್ನೂ ಹುಡುಗನೆಂದು ಕಂಡರೆ ಅವನನ್ನೂ ಅದೇ ಕಾನೂನಿನಡಿ ನೋಡಬಹುದು. ನಮ್ಮಲ್ಲಿ ಮೂರನೇ ಮೆಟ್ಟಿಲಾದ ಮೇಲೆ ಒಮ್ಮೆಲೇ ಹತ್ತನೆಯದು, ನಡುವೆ ಹೆಜ್ಜೆಯಿಡಲು ಮೆಟ್ಟಿಲೇ ಇಲ್ಲ. ಮಗನನ್ನು ಕಳಕೊಂಡ ತಾಯಿಗೆ ಮೂರು ವರ್ಷ ಎಂದು ಹೇಳಲು ಯಾವ ನ್ಯಾಯಾಧೀಶರ ಬಾಯಿಯೂ ಏಳುವುದಿಲ್ಲ, ಅದು ಸಹಜ. ಹಾಗಾಗಿ ಹುಡುಗನನ್ನು ‘ದೊಡ್ಡವ’ ಎಂದು ಕರೆಯುವ ಒತ್ತಡ ಹುಟ್ಟುತ್ತದೆ. ಮಂಡಳಿಯೋ ಮಕ್ಕಳ ನ್ಯಾಯಾಲಯವೋ ಮೊದಲು ಆರೋಪ ಸಾಬೀತಾಗಿದೆಯೇ ನೋಡಿ, ಆಮೇಲೆ ಐದು ವರ್ಷವೋ ಏಳೋ, ಎಲ್ಲಿಟ್ಟು ಏನು ಕಲಿಸಬೇಕು ಎಂದು ತೀರ್ಮಾನಿಸುವಂತಿದ್ದರೆ, ಮೊದಲೇ ಅವನ ಮನಸ್ಸಿಗೆ ವಯಸ್ಸು ಕಟ್ಟುವ ಕಸರತ್ತೇ ಬೇಕಾಗುತ್ತಿರಲಿಲ್ಲ. ಈ ಕಾನೂನಿನ ಬಗ್ಗೆ ನನ್ನ ಮುಖ್ಯ ತಕರಾರು ಇಷ್ಟೇ.

ಹಾಗೆಂದು ಹುಡುಗರ ಅಪರಾಧ ಊರೆಲ್ಲ ತುಂಬಿದೆ ಎಂದು ಹೆದರುವಂತೆಯೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಮಕ್ಕಳ ಮೇಲೆ ದಾಖಲಾದ ಕೇಸು ಸುಮಾರು 30,500, ಒಟ್ಟು ಕೇಸುಗಳಲ್ಲಿ ನೂರಕ್ಕೆ ಒಂದೂ ಇಲ್ಲ.

ಇನ್ನು ಮನೆಯವರಿಗೆ ಬೇಕಾದ ಮಾತು. ಮೊದಲು ವಯಸ್ಸಿನ ದಾಖಲೆ. ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸು, ಕೋರ್ಟಿಗೆ ಹೋದ ದಿನದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡ ಹುಟ್ಟಿದ ದಿನಗಳು ಎಷ್ಟಿಲ್ಲ! ಹದಿನಾರರ ಗೆರೆಯ ಆಚೆ ಈಚೆ ಒಂದೆರಡು ತಿಂಗಳಿದ್ದರೂ ಆ ತಾರೀಖೇ ಎಲ್ಲವನ್ನೂ ತೀರ್ಮಾನಿಸುತ್ತದೆ. 94ನೇ ಕಲಮಿನ ಪ್ರಕಾರ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಅದಿಲ್ಲದಿದ್ದರೆ ಪಂಚಾಯ್ತಿಯ ಅಥವಾ ನಗರಸಭೆಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲಿಲ್ಲ. ಬರೀ ಟಿಸಿ ಸಾಲದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ವಯಸ್ಸಿನ ತಕರಾರನ್ನು ಯಾವ ಹಂತದಲ್ಲಾದರೂ ಎತ್ತಬಹುದು. 1994ರ ಪುಣೆಯ ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾಗಿದ್ದವನೊಬ್ಬ ಆಗ ಬರೀ ಹನ್ನೆರಡು ವರ್ಷದವನಾಗಿದ್ದ ಎಂದು ರಾಜಸ್ಥಾನದ ಶಾಲೆಯ ದಾಖಲೆಯಿಂದ ಸಾಬೀತಾಗಿ, 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವನು ಜೈಲಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದ.

ಎರಡನೆಯದು, ಪ್ರೊಬೇಷನ್ ಆಫೀಸರ್ ಬರೆಯುವ ಸಾಮಾಜಿಕ ತನಿಖಾ ವರದಿ. ಅವರು ಮನೆಗೆ ಬಂದಾಗ ಮಾನ ಹೋಗುತ್ತದೆಂದು ಏನನ್ನೂ ಮುಚ್ಚಿಡಬೇಡಿ. ಅಪ್ಪನ ಕುಡಿತ, ಬಿಟ್ಟುಹೋದ ಓದು, ತಲೆಗೆ ಹಿಂದೆ ಬಿದ್ದ ಪೆಟ್ಟು, ಆಲೆಮನೆಯಲ್ಲಿ ಯಾರ ಜೊತೆ ಸೇರಿದ, ಇವೆಲ್ಲ ಆ ಕಾಗದದಲ್ಲಿ ಬರದಿದ್ದರೆ ‘ಸನ್ನಿವೇಶ’ದ ಕಾಲಂನಲ್ಲಿ ಉಳಿಯುವುದು ಪೊಲೀಸರು ಬರೆದದ್ದು ಮಾತ್ರ. ಹುಡುಗನ ಹೆಸರು, ಫೋಟೊ, ಶಾಲೆಯ ಹೆಸರು ವಾಟ್ಸಾಪ್ ಗುಂಪಿನಲ್ಲಿ ಓಡಾಡಿದರೆ 74ನೇ ಕಲಮಿನಡಿ ದೂರು ಕೊಡಬಹುದು. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ.

ವಕೀಲರಿಗೆ ದುಡ್ಡಿಲ್ಲ ಎಂದು ಕೈಕಟ್ಟಿ ಕೂರಬೇಕಿಲ್ಲ. ಮಕ್ಕಳಿಗೆ ಮನೆಯ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡಬೇಕು. ಕಚೇರಿ ಕೋರ್ಟ್ ಆವರಣದಲ್ಲಿ ಕೇಳಿದರೆ ತೋರಿಸುತ್ತಾರೆ. ಮೌಲ್ಯಮಾಪನದ ವರದಿ ಗೋಪ್ಯವೇ ಆದರೂ, ಅದರ ಸಾರವನ್ನು ಹುಡುಗನಿಗೂ ತಂದೆತಾಯಿಗೂ ತಿಳಿಸಿ, ಅದಕ್ಕೆ ಪ್ರತಿಯಾಗಿ ಸಾಕ್ಷ್ಯ ಒದಗಿಸಲು ಅವಕಾಶ ಕೊಡಬಹುದು ಎಂದು 99ನೇ ಕಲಮಿನಲ್ಲಿದೆ. ಬಾಯಿಮಾತಿನಲ್ಲಿ ಕೇಳದೆ ಅರ್ಜಿ ಬರೆದೇ ಕೇಳಿ. ದೊಡ್ಡವನಂತೆ ವಿಚಾರಣೆಯಾಗಲಿ ಎಂದು ಮಂಡಳಿ ಆದೇಶ ಮಾಡಿದರೆ ಮೇಲ್ಮನವಿಗೆ ಇರುವುದು ಮೂವತ್ತು ದಿನ. ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು, ಆದರೆ ಆದೇಶದ ಪ್ರಮಾಣೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕುವುದು ಒಳ್ಳೆಯದು.